ಹುಳುವಿಗೆ ಬಾಯಿ ಎಲ್ಲಿಂದ ತಂದಿರಿ?

ಕಾಂಗರೂ ಮರಿಯನ್ನೂ ಲಾಡಿಹುಳುವನ್ನೂ ಹೋಲಿಸಿ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆ ಸರಾಗ. ಹೊಗಳಿಕೆ ಇಷ್ಟೇ. ಇನ್ನು ಜಗಳ.

ಎರಡನೇ ಪ್ಯಾರಾ ತೆಗೆಯಿರಿ. ‘ಲಾಡಿಹುಳು ಕರುಳಿಗೆ ಬಾಯಿ ಹಚ್ಚಿ ಹೀರುವ ಹಾಗೆಯೇ ಮರಿಯೂ ತಾಯಿಯನ್ನು ಹೀರುತ್ತದೆ.’ ಲಾಡಿಹುಳುವಿಗೆ ಬಾಯಿಯೇ ಇಲ್ಲ ಮಾರಾಯರೇ! ಹೊಟ್ಟೆಯೂ ಇಲ್ಲ. ತಲೆಯ ಮೇಲಿನ ಹೀರುಬಟ್ಟಲು, ಕೆಲವು ಜಾತಿಗಳಲ್ಲಿರುವ ಕೊಕ್ಕೆ, ಎಲ್ಲ ಕರುಳನ್ನು ಹಿಡಿದುಕೊಳ್ಳುವುದಕ್ಕೆ, ಉಣ್ಣುವುದಕ್ಕಲ್ಲ. ಬೇರೆಯವರು ಜೀರ್ಣಿಸಿದ ಊಟದಲ್ಲಿ ನೆನೆಯುತ್ತಾ, ಮೈಚರ್ಮದಿಂದಲೇ ಎಳೆದುಕೊಳ್ಳುತ್ತಾ ಅದು ಮೀಟರುಗಟ್ಟಲೆ ಬೆಳೆಯುತ್ತದೆ. ಇದಕ್ಕಿಂತ ವಿಚಿತ್ರ ಏನು ಬೇಕಿತ್ತು ನಿಮಗೆ? ಅದನ್ನು ಬಿಟ್ಟು ಇಲ್ಲದ ಬಾಯಿ ಅಂಟಿಸಿದಿರಿ.

ಮುಂದಿನ ಸಾಲಿಗೆ ನನಗೆ ಸಿಟ್ಟೇ ಬಂತು. ‘ತಾಯಿ ಎತ್ತಿ ಚೀಲದಲ್ಲಿಟ್ಟ ಸೋಮಾರಿ ಮರಿ.’ ಕೆಂಪು ಕಾಂಗರೂ ಮರಿ ಸುಮಾರು 33 ದಿನಕ್ಕೆ ಹುಟ್ಟುತ್ತದೆ. ತೂಕ 1 ಗ್ರಾಂ ಕೂಡ ಇರುವುದಿಲ್ಲ. ಕಣ್ಣು ಕಾಣದು, ಹಿಂಗಾಲು ಇನ್ನೂ ಮೊಳಕೆ. ಅಂಥದ್ದು ಮುಂಗಾಲಿನಿಂದ ತಾಯಿಯ ರೋಮ ಹಿಡಿದು, ತಾನೇ ತೆವಳಿ ಚೀಲ ಸೇರಿ ಮೊಲೆತೊಟ್ಟು ಕಚ್ಚುತ್ತದೆ. ತಾಯಿ ಎತ್ತುವುದೇ ಇಲ್ಲ. ಇದು ಸೋಮಾರಿನಾ?

‘ಇಬ್ಬರೂ ಬಿಟ್ಟಿ ಊಟದವರು’ ಅಂತ ಬೇರೆ. ಚೀಲದಲ್ಲೊಂದು ಎಳೆಮರಿ, ಹೊರಗೆ ಓಡಾಡುವ ದೊಡ್ಡ ಮರಿ ಇದ್ದರೆ ಅದೇ ತಾಯಿ ಎರಡು ತೊಟ್ಟುಗಳಲ್ಲಿ ಎರಡು ಬಗೆಯ ಹಾಲು ಕೊಡುತ್ತಾಳೆ, ಒಂದೇ ಹೊತ್ತಿಗೆ. ಕರುಳು ಹುಳುವಿಗೋಸ್ಕರ ಹೀಗೆ ಬೇರೆ ಅಡುಗೆ ಮಾಡುತ್ತದಾ? ಬಡಿಸಿಕೊಂಡು ಉಣ್ಣುವುದಕ್ಕೂ ಕದ್ದು ಉಣ್ಣುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಇಷ್ಟು ರೇಗುವುದಕ್ಕೆ ಕಾರಣ, ನಾನೂ ಇದೇ ಮಾಡಿದವನು. ಕೆಲಸ ಕಲಿಯುವಾಗ ಬಾವಲಿಯನ್ನು ಹಕ್ಕಿಗೆ ಹೋಲಿಸಿ ನಾಲ್ಕು ಪುಟ ಗೀಚಿದ್ದೆ. ನಮ್ಮ ಹಿರಿಯ ಸಂಪಾದಕರು ಪ್ರತಿ ‘ಹಾಗೆಯೇ’ಗೂ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ನೋಡಿದ್ದೀಯಾ?’ ಅಂತ ಬರೆದು ವಾಪಸ್ ಕೊಟ್ಟರು. ನಾನು ನೋಡಿರಲಿಲ್ಲ. ಮೂರು ದಿನ ಅವರ ಮುಖ ನೋಡುವುದಕ್ಕೂ ಆಗಲಿಲ್ಲ. ನಿಮ್ಮ ಹಾಳೆಗಳ ಮೇಲೂ ಈಗ ಅವೇ ಸುತ್ತುಗಳಿವೆ, ಬೇಜಾರು ಮಾಡಿಕೊಳ್ಳಬೇಡಿ.

ಉಳಿದ ಪುಟಗಳ ಸುದ್ದಿಗೆ ನಾನು ಹೋಗುವುದಿಲ್ಲ. ಮರಿ ರೋಮ ಹಿಡಿದು ಹತ್ತುವಲ್ಲಿಂದ ಶುರು ಮಾಡಿ ಮತ್ತೆ ಬರೆದು ಕಳಿಸಿ. ಹುಳುವಿಗೆ ಬೇರೆ ಲೇಖನ ಇರಲಿ, ಬಾಯಿ ಇಲ್ಲದೆ.