ಕೋಳಿಯ ಲೆಕ್ಕ ಬೇರೆ, ಮನುಷ್ಯರ ಲೆಕ್ಕ ಬೇರೆ

ಹಿರಿಯಡಕದ ಓದುಗರೊಬ್ಬರು ಬರೆದಿದ್ದಾರೆ: "ಎಂಟು ವರ್ಷದ ಹಿಂದೆ ನೆಟ್ಟ ಪುನರ್ಪುಳಿ ಈ ಸಲ ಹೂ ಬಿಟ್ಟಿತು. ಒಂದು ಕಾಯಿಯೂ ಕಟ್ಟಲಿಲ್ಲ, ಗಂಡು ಮರವಂತೆ. ನನಗೆ ಇಬ್ಬರು ಹೆಣ್ಣುಮಕ್ಕಳು. ಕೋಳಿ ಮೊಟ್ಟೆಯ ಹಾಗೆ ಎಲ್ಲ ಹೆಂಗಸಿನ ಹೊಟ್ಟೆಯಲ್ಲೇ ಇರೋದು ಅಂತಾರೆ ಅತ್ತೆ. ಗಂಡು ಹುಟ್ಟಲು ಮದ್ದು ಕೊಡಿಸ್ತಾರಂತೆ. ಹೆಣ್ಣೋ ಗಂಡೋ ಅಂತ ತೀರ್ಮಾನ ಆಗೋದು ಹೇಗೆ?"

ಮದ್ದು ಬೇಡವೇ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿರುವ ಮಗುವನ್ನು ಗಂಡಾಗಿಸುವ ಮದ್ದು ಯಾರ ಹತ್ತಿರವೂ ಇಲ್ಲ.

ಕೋಳಿಯ ವಿಷಯದಲ್ಲಿ ನಿಮ್ಮ ಅತ್ತೆ ಹೇಳಿದ್ದು ನಿಜ. ಹೇಂಟೆಯಲ್ಲಿ ಝಡ್, ಡಬ್ಲ್ಯೂ ಎಂಬ ಎರಡು ಬಗೆಯ ಕ್ರೋಮೋಸೋಮ್, ಅಂದರೆ ವಂಶಗುಣ ಹೊತ್ತ ಎಳೆಗಳು, ಇರುತ್ತವೆ. ಮೊಟ್ಟೆಗೆ ಯಾವುದು ಸೇರಿತೋ ಅದರ ಮೇಲೆ ಮರಿ ಹೇಂಟೆಯೋ ಹುಂಜವೋ ಆಗುತ್ತದೆ. ಮನುಷ್ಯರಲ್ಲಿ ಇದು ತಿರುಗುಮುರುಗು. ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ಮಾತ್ರ. ತಂದೆಯ ವೀರ್ಯಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಎಕ್ಸ್, ಉಳಿದರ್ಧಕ್ಕೆ ವೈ. ಎಕ್ಸ್ ಬಂದರೆ ಸಾಮಾನ್ಯವಾಗಿ ಹೆಣ್ಣು, ವೈ ಬಂದರೆ ಗಂಡು. ಹಾಗಂತ ಈಗ ಗಂಡನನ್ನು ದೂರಬೇಡಿ. ಯಾವ ವೀರ್ಯಾಣು ಅಂಡವನ್ನು ಸೇರುತ್ತದೆ ಅನ್ನೋದು ಅವರ ಕೈಯಲ್ಲೂ ಇಲ್ಲ ಅಲ್ವಾ?

ಇಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿ ಒಂದಿದೆ. ಮೊದಲ ಸುಮಾರು ಆರು ವಾರ ಭ್ರೂಣದಲ್ಲಿ ಗಂಡು ಹೆಣ್ಣೆಂಬ ಭೇದವೇ ಕಾಣುವುದಿಲ್ಲ. ಒಂದೇ ಬಗೆಯ ಗ್ರಂಥಿ, ಅದು ವೃಷಣವೂ ಆಗಬಹುದು, ಅಂಡಾಶಯವೂ ಆಗಬಹುದು. ವೈ ಮೇಲಿರುವ ಎಸ್‌ಆರ್‌ವೈ ಎಂಬ ಜೀನ್ (ಆ ಎಳೆಯ ಒಂದು ತುಣುಕು) ಎಚ್ಚೆತ್ತರೆ ವೃಷಣದ ದಾರಿ. ಇಲ್ಲದಿದ್ದರೆ ಬೇರೆ ಜೀನ್‌ಗಳು ಸೇರಿ ಅಂಡಾಶಯ ಕಟ್ಟುತ್ತವೆ. ಈ ಜೀನ್ ಪತ್ತೆಯಾದದ್ದು 1990ರಲ್ಲಿ. ಅಪರೂಪಕ್ಕೆ ಅದು ಎಕ್ಸ್ ಮೇಲೆ ಹೋಗಿ ಕೂತಿರುತ್ತದೆ, ಆಗ ವೈ ಇಲ್ಲದೆಯೂ ಮಗು ಗಂಡಾಗಬಹುದು. ಇನ್ನು ಕೆಲವರಲ್ಲಿ ವೈ ಇದ್ದರೂ ದೇಹ ಗಂಡು ಹಾರ್ಮೋನಿಗೆ ಓಗೊಡುವುದಿಲ್ಲ, ಮಗು ಹೆಣ್ಣಾಗಿಯೇ ಬೆಳೆಯುತ್ತದೆ. ಅಂಥ ಮಕ್ಕಳನ್ನು ಕಂಡರೆ ಪಿಸುಗುಡುವವರನ್ನು ನೋಡಿ ನನಗೆ ಸಂಕಟವಾಗುತ್ತದೆ.

ಕುಂದಾಪುರದ ಕೋಡಿಗೆ ಬಂದು ಮೊಟ್ಟೆಯಿಡುವ ಕಡಲಾಮೆಗೆ ಎಕ್ಸೂ ಇಲ್ಲ, ವೈಯೂ ಇಲ್ಲ. ಮರಳಿನ ಬಿಸಿಯೇ ಎಲ್ಲ. ಸುಮಾರು 29-30 ಡಿಗ್ರಿಗಿಂತ ಜಾಸ್ತಿ ಕಾದರೆ ಹೆಣ್ಣುಮರಿಗಳೇ ಹೆಚ್ಚು, ತಂಪಿದ್ದರೆ ಗಂಡು. ನಮ್ಮ ಧಕ್ಕೆಗೆ ಬರುವ ಮುರು ಮೀನು ಹೆಣ್ಣಾಗಿ ಬದುಕು ಶುರುಮಾಡುತ್ತದೆ, ದೊಡ್ಡದಾದ ಮೇಲೆ ಗಂಡಾಗುವುದುಂಟು.

ಇನ್ನು ನಿಮ್ಮ ಪುನರ್ಪುಳಿ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಗಿಡವಾದರೆ ಹೂ ಬರುವವರೆಗೆ ಕಾಯಬೇಕು. ಹೂವನ್ನು ಬಿಡಿಸಿ ನೋಡಿ. ನಡುವೆ ಪುಟ್ಟ ಉರುಟು ಕಾಯಿಯಂಥದ್ದು ಕೂತಿದ್ದರೆ ಹೆಣ್ಣು. ಬರೀ ಕೇಸರಗಳು ಒತ್ತೊತ್ತಾಗಿ ಗುಂಪುಗಟ್ಟಿದ್ದರೆ ಗಂಡು. ಸಿಟ್ಟಿನಲ್ಲಿ ಮರ ಕಡಿಯಬೇಡಿ. ಹೆಣ್ಣು ಮರದ ಕಸಿ ಗಿಡವೊಂದನ್ನು ತಂದು ಪಕ್ಕದಲ್ಲಿ ನೆಡಿ. ಕಸಿಯಾದರೆ ಎಂಟು ವರ್ಷ ಕಾಯುವ ಕೆಲಸವಿಲ್ಲ. ಅದರಲ್ಲಿ ಹೂ ಬಿಟ್ಟ ದಿನ ಎರಡೂ ಮರದ ಒಂದೊಂದು ಹೂ ಕಿತ್ತು, ಅತ್ತೆಯವರನ್ನೂ ಮಕ್ಕಳನ್ನೂ ಜಗಲಿಯಲ್ಲಿ ಕೂರಿಸಿ ಬಿಡಿಸಿ ತೋರಿಸಿ.

— ಸಂಪಾದಕ