ಇರಾನ್ ರಾಜಧಾನಿ ಟೆಹ್ರಾನ್‌ನ ಪರ್ಸೆಪೊಲಿಸ್ ಫುಟ್‌ಬಾಲ್ ಕ್ಲಬ್ 1963ರಲ್ಲಷ್ಟೇ ಹುಟ್ಟಿದ್ದು. ಅಷ್ಟು ಬೇಗ ಅದಕ್ಕೆ ಅಷ್ಟೊಂದು ಅಭಿಮಾನಿಗಳು ಎಲ್ಲಿಂದ ಬಂದರು?

ಹೆಚ್ಚಿನವರು ಶಾಹೀನ್ ಅನ್ನೋ ಹಳೆಯ ಕ್ಲಬ್‌ನಿಂದ ಬಂದವರು. ಆ ಕ್ಲಬ್ ಮುಚ್ಚಿದಾಗ ಆಟಗಾರರು ಪರ್ಸೆಪೊಲಿಸ್ ಸೇರಿದರು. ಅಭಿಮಾನಿಗಳೂ ಅವರ ಹಿಂದೆಯೇ ಬಂದರು.

ಶಾಹೀನ್ ಕಟ್ಟಿದ್ದು 1942ರಲ್ಲಿ, ಅಬ್ಬಾಸ್ ಎಕ್ರಾಮಿ ಎಂಬ ಶಿಕ್ಷಕ. ಓದು, ನಡತೆ ಮೊದಲು, ಆಟ ಕೊನೆಗೆ ಅನ್ನೋದು ಅವರ ನಿಯಮ. ಎದುರಾಳಿ ತಾಜ್ ಕ್ಲಬ್‌ನ ಮುಖ್ಯಸ್ಥರು ಸೇನಾಧಿಕಾರಿ, ಅರಮನೆಗೆ ಹತ್ತಿರದವರು. ಹಾಗಾಗಿ ಸಾಮಾನ್ಯ ಜನರಿಗೆ ಶಾಹೀನ್ ಮೇಲೆ ಜಾಸ್ತಿ ಪ್ರೀತಿ. 1967ರಲ್ಲಿ ಕ್ರೀಡಾ ಅಧಿಕಾರಿಗಳು ಅದನ್ನು ಮುಚ್ಚಿಸಿದರು. ತಂಡ ಹೋಯಿತು, ಜನ ಉಳಿದರು.

ಪರ್ಸೆಪೊಲಿಸ್ ಸ್ಥಾಪಿಸಿದ ಅಲಿ ಅಬ್ದೊ ಅಮೆರಿಕದಿಂದ ಮರಳಿದ್ದ ಬಾಕ್ಸರ್. ಅವರ ಕ್ಲಬ್‌ಗೆ ಬೌಲಿಂಗ್ ಹಾಲ್ ಕೂಡ ಇತ್ತು (ಕ್ರಿಕೆಟ್ ಬೌಲಿಂಗ್ ಅಲ್ಲ, ಚೆಂಡು ಉರುಳಿಸಿ ಪಿನ್ ಬೀಳಿಸುವ ಆಟ!). ಫುಟ್‌ಬಾಲ್ ತಂಡ ಮಾತ್ರ ಸುಮ್ನೆ ಹೆಸರಿಗಿತ್ತು. ಶಾಹೀನ್ ಆಟಗಾರರು ಬಂದ ಮೇಲೆ, 1968ರ ಏಪ್ರಿಲ್‌ನಲ್ಲಿ ತಾಜ್ ವಿರುದ್ಧ ಮೊದಲ ಪಂದ್ಯ ನಡೆದು 0-0 ಡ್ರಾ ಆಯಿತು. ಹಳೆಯ ಜಗಳ ಹೊಸ ಜೆರ್ಸಿಯಲ್ಲಿ ಮುಂದುವರಿಯಿತು, ಅಷ್ಟೇ. 1979ರ ಕ್ರಾಂತಿಯ ನಂತರ ತಾಜ್ ಹೆಸರು ಎಸ್ತೆಗ್ಲಾಲ್ ಆಯಿತು. ಇವತ್ತಿನ ಟೆಹ್ರಾನ್ ಡರ್ಬಿ (ಒಂದೇ ಊರಿನ ಎದುರಾಳಿಗಳ ಪಂದ್ಯ) ಈ ಎರಡು ತಂಡಗಳದ್ದೇ.