ಪಾರ್ಟಿಂಗ್ ಟೂಲ್ ಮುರಿಯಿತೆಂದು ಹೊಸ ಟೂಲ್ ಕೊಳ್ಳಬೇಡಿ

ಮನೆಯ ಶೆಡ್ಡಿನಲ್ಲಿ ಸಣ್ಣ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕತ್ತರಿಸುವ ಯಂತ್ರ) ಇಟ್ಟುಕೊಂಡಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಪಾರ್ಟಿಂಗ್ ಮಾಡುವಾಗ, ಅಂದರೆ ತಿರುಗುವ ರಾಡನ್ನು ತೆಳು ಬ್ಲೇಡಿನಿಂದ ಅಡ್ಡಲಾಗಿ ಕತ್ತರಿಸುವಾಗ, ಟೂಲ್ ಏಕೆ ಮುರಿಯುತ್ತದೆ? ಅದಕ್ಕೆ ಈ ಬಾರಿ ವಿವರವಾಗಿ ಉತ್ತರಿಸಿ, ಉಳಿದವುಗಳನ್ನು ಚಿಕ್ಕದಾಗಿ ಮುಗಿಸುತ್ತೇನೆ. ಚಕ್ ಕೀಯನ್ನು ಚಕ್‌ನಲ್ಲೇ (ರಾಡನ್ನು ಹಿಡಿದು ತಿರುಗಿಸುವ ಭಾಗದಲ್ಲೇ) ಬಿಡಬಾರದು, ಕಣ್ಣಿಗೆ ಕನ್ನಡಕ ಬೇಕು ಎಂಬಂಥ ಮಾತುಗಳನ್ನು ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಅಷ್ಟು ಗೊತ್ತಿಲ್ಲದವರು ಯಂತ್ರದ ಸ್ವಿಚ್ ಮುಟ್ಟಲೇಬಾರದು.

ಪ್ರಶ್ನೆ: ನನ್ನ ಬೆಂಚ್ ಲೇತ್‌ನಲ್ಲಿ 25 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡನ್ನು ಪಾರ್ಟಿಂಗ್ ಮಾಡುವಾಗ ಅರ್ಧಕ್ಕೆ ಬರುವಷ್ಟರಲ್ಲಿ ಯಂತ್ರ ನಡುಗಿ, ಟೂಲ್ ಜಾಬಿನೊಳಗೆ (ಕತ್ತರಿಸುತ್ತಿರುವ ರಾಡಿನೊಳಗೆ) ಕಚ್ಚಿಕೊಂಡು ಮುರಿಯುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡ್ ಬಿಟ್ಟು ಕಾರ್ಬೈಡ್ ಟಿಪ್ ಹಾಕಿ, ಸ್ಪೀಡ್ ಹೆಚ್ಚಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಕೊಳ್ಳಬಹುದೇ? (ಹಾಸನದ ಓದುಗರು)

ಉತ್ತರ: ಕೊಳ್ಳಬೇಡಿ. ಈ ಸಲಹೆಯಿಂದ ಲಾಭವಾಗುವುದು ಅಂಗಡಿಗೆ ಮಾತ್ರ. ಕಾರ್ಬೈಡ್ ಗಟ್ಟಿ, ಆದರೆ ಪೆಡಸು. ನಡುಗುವ ಯಂತ್ರದಲ್ಲಿ ಅದು ಎಚ್‌ಎಸ್‌ಎಸ್‌ಗಿಂತ ಬೇಗ ಚಕ್ಕೆ ಏಳುತ್ತದೆ. ನಿಮ್ಮ ತೊಂದರೆ ಇರುವುದು ಯಂತ್ರದ ಸಡಿಲದಲ್ಲಿ ಮತ್ತು ಟೂಲ್ ಕಟ್ಟುವ ಕ್ರಮದಲ್ಲಿ. ಮಾಮೂಲಿ ಟರ್ನಿಂಗ್‌ನಲ್ಲಿ (ರಾಡಿನ ಹೊರಮೈ ಕೊರೆಯುವಾಗ) ಸಣ್ಣಪುಟ್ಟ ಸಡಿಲ ಕಣ್ಣಿಗೆ ಬೀಳದೆ ಹೋಗಬಹುದು. ಪಾರ್ಟಿಂಗ್‌ನಲ್ಲಿ ಅಂಚಿನ ಪೂರ್ತಿ ಅಗಲ ಒಮ್ಮೆಲೇ ಲೋಹಕ್ಕೆ ಇಳಿಯುವುದರಿಂದ ಎಲ್ಲ ದೋಷಗಳೂ ಒಟ್ಟಿಗೆ ಹೊರಬರುತ್ತವೆ.

ಮೊದಲು ಯಂತ್ರವನ್ನು ಪರೀಕ್ಷಿಸಿ. ದಪ್ಪ ರಾಡೊಂದನ್ನು ಚಕ್‌ನಲ್ಲಿ ಹಿಡಿದು, ಡಯಲ್ ಗೇಜನ್ನು (ಸೂಕ್ಷ್ಮ ಅಲುಗಾಟ ಅಳೆಯುವ ಮಾಪಕ) ಬೆಡ್ ಮೇಲೆ, ಅಂದರೆ ಲೇತ್‌ನ ತಳದ ಹಳಿಯ ಮೇಲೆ ನಿಲ್ಲಿಸಿ, ಅದರ ಮುಳ್ಳನ್ನು ಚಕ್‌ಗೆ ಆದಷ್ಟು ಹತ್ತಿರ ರಾಡಿನ ಮೇಲೆ ತಾಗಿಸಿ, ರಾಡನ್ನು ಕೈಯಿಂದ ಮೇಲೆತ್ತಿ ಬಿಡಿ. 0.03 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ನಾನಾದರೆ ಸ್ಪಿಂಡಲ್ (ಚಕ್ ತಿರುಗಿಸುವ ದಂಡ) ಬೇರಿಂಗನ್ನು ಸರಿಪಡಿಸದೆ ಪಾರ್ಟಿಂಗ್ ಟೂಲ್ ಕಟ್ಟುವುದಿಲ್ಲ. ಆಮೇಲೆ ಕ್ರಾಸ್ ಸ್ಲೈಡ್ (ಟೂಲನ್ನು ಜಾಬಿನ ಕಡೆಗೆ ಸರಿಸುವ ಭಾಗ) ಮತ್ತು ಅದರ ಮೇಲಿನ ಕಂಪೌಂಡ್ ಸ್ಲೈಡ್‌ಗಳ ಜಿಬ್ ಸ್ಕ್ರೂಗಳನ್ನು (ಸ್ಲೈಡಿನ ಸಡಿಲ ತೆಗೆಯುವ ಸ್ಕ್ರೂಗಳು), ಹಿಡಿಕೆ ತಿರುಗಿಸುವಾಗ ತುಸು ಬಿಗಿಯೆನಿಸುವವರೆಗೆ ಬಿಗಿಮಾಡಿ. ಸಣ್ಣ ಲೇತ್‌ಗಳಲ್ಲಿ ಕಂಪೌಂಡ್ ಸ್ಲೈಡೇ ದುರ್ಬಲ ಭಾಗವಾದ್ದರಿಂದ, ಅದನ್ನು ಬಿಚ್ಚಿಟ್ಟು, ಅದೇ ಎತ್ತರದ ಗಟ್ಟಿ ಕಬ್ಬಿಣದ ಬ್ಲಾಕ್ ಕೂರಿಸಿ, ಅದರ ಮೇಲೆ ಟೂಲ್ ಪೋಸ್ಟ್ ನಿಲ್ಲಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಪಾರ್ಟಿಂಗ್ ಮಾಡುವಾಗ ಕ್ಯಾರೇಜನ್ನು (ಈ ಸ್ಲೈಡ್‌ಗಳನ್ನು ಹೊತ್ತು ಸಾಗುವ ಭಾಗ) ಬೆಡ್‌ಗೆ ಲಾಕ್ ಮಾಡುವುದನ್ನು ಮರೆಯಬೇಡಿ.

ಮುಂದಿನದು ಟೂಲಿನ ಎತ್ತರ. ಯಂತ್ರ ನಿಲ್ಲಿಸಿ, ಟೂಲಿನ ತುದಿಗೂ ರಾಡಿಗೂ ನಡುವೆ ತೆಳುವಾದ ಸ್ಟೀಲ್ ಸ್ಕೇಲನ್ನು ನಿಲ್ಲಿಸಿ, ಮೆಲ್ಲಗೆ ಒತ್ತಿ ಹಿಡಿಯಿರಿ. ಸ್ಕೇಲ್ ನೇರವಾಗಿ ನಿಂತರೆ ಟೂಲ್ ಸೆಂಟರ್‌ನಲ್ಲಿದೆ, ಅಂದರೆ ರಾಡಿನ ನಡು ಎತ್ತರದಲ್ಲಿದೆ. ಸ್ಕೇಲಿನ ಮೇಲ್ತುದಿ ನಿಮ್ಮ ಕಡೆಗೆ ವಾಲಿದರೆ ಟೂಲ್ ಕೆಳಗಿದೆ, ಜಾಬಿನ ಕಡೆಗೆ ವಾಲಿದರೆ ಮೇಲಿದೆ. ಸೆಂಟರ್‌ಗಿಂತ ಕೆಳಗಿರುವ ಟೂಲಿನ ಮೇಲೆ ಜಾಬ್ ಹತ್ತಿ ಕೂರಲು ನೋಡುತ್ತದೆ. ಮೇಲಿದ್ದರೆ ಟೂಲಿನ ಮುಂಭಾಗ ಕತ್ತರಿಸದೆ ಉಜ್ಜುತ್ತದೆ. ಎತ್ತರ ಸರಿಮಾಡಲು ಬಳಸಿ ಬಿಟ್ಟ ಹ್ಯಾಕ್ಸಾ ಬ್ಲೇಡಿನ ತುಂಡುಗಳು ಸಾಕು, ಆದರೆ ಅವುಗಳ ಹಲ್ಲನ್ನು ಉಜ್ಜಿ ತೆಗೆದಿರಬೇಕು.

ಬ್ಲೇಡ್ ಜಾಬಿಗೆ ಲಂಬವಾಗಿರಲೇಬೇಕು. ನಿಂತ ಚಕ್‌ನ ಮುಖಕ್ಕೆ ಬ್ಲೇಡಿನ ಪಕ್ಕವನ್ನು ತಂದು ತಾಗಿಸಿ, ಹಿಂದಿನಿಂದ ಬೆಳಕು ಹಿಡಿದು ನೋಡಿ. ಸಂದಿಯ ಬೆಳಕು ಒಂದು ಕಡೆ ಅಗಲವಾಗಿ ಕಂಡರೆ ಟೂಲ್ ಪೋಸ್ಟನ್ನು ಅಷ್ಟು ತಿರುಗಿಸಿ. ಬ್ಲೇಡ್ ಹೊರಚಾಚಬೇಕಾದದ್ದು ಜಾಬಿನ ಅರ್ಧವ್ಯಾಸಕ್ಕಿಂತ ಎರಡು ಮೂರು ಮಿ.ಮೀ. ಹೆಚ್ಚು, ಅಂದರೆ ನಿಮ್ಮ ರಾಡಿಗೆ ಸುಮಾರು 15 ಮಿ.ಮೀ. ಮಾತ್ರ. ಕತ್ತರಿಸುವ ಜಾಗವೂ ಚಕ್‌ಗೆ ಹತ್ತಿರವಿರಬೇಕು. ಕತ್ತರಿಸಿದ ತುಂಡಿನ ನಡುವೆ ಮೊಳೆಯಂಥ ಚೂರು ಉಳಿಯದಿರಲೆಂದು ಅಂಚನ್ನು ಓರೆಯಾಗಿ ಸಾಣೆ ಹಿಡಿಯುವ ಪದ್ಧತಿ ಇದೆ. ತೆಳು ಬ್ಲೇಡಿಗೆ ಅದು ಬೇಡ, ಏಕೆಂದರೆ ಓರೆ ಅಂಚು ಬ್ಲೇಡನ್ನು ಪಕ್ಕಕ್ಕೆ ತಳ್ಳಿ, ಕತ್ತರಿಸಿದ ಮುಖವನ್ನು ಬಟ್ಟಲಿನ ಆಕಾರಕ್ಕೆ ತರುತ್ತದೆ.

ಇನ್ನು ವೇಗ. ಎಚ್‌ಎಸ್‌ಎಸ್ ಟೂಲಿನಿಂದ ಎಂ.ಎಸ್. ಟರ್ನಿಂಗ್ ಮಾಡಲು ನಿಮಿಷಕ್ಕೆ 30 ಮೀಟರ್ ಎಂದು ಹಿಡಿದರೆ, 25 ಮಿ.ಮೀ. ರಾಡಿಗೆ ಸುಮಾರು 380 ಆರ್‌ಪಿಎಂ ಬರುತ್ತದೆ. ಪಾರ್ಟಿಂಗ್‌ಗೆ ಅದರ ಅರ್ಧ, 190ರ ಆಸುಪಾಸು ಇಡಿ. ಒಳಗೆ ಹೋದಂತೆ ವ್ಯಾಸ ಕಡಿಮೆಯಾಯಿತೆಂದು ವೇಗ ಏರಿಸುವ ಅಗತ್ಯವಿಲ್ಲ. ಸ್ಟೀಲಿಗೆ ಕಟಿಂಗ್ ಆಯಿಲನ್ನು ಬ್ರಷ್‌ನಿಂದ ಬಿಡದೆ ಹಾಕುತ್ತಿರಿ, ಆದರೆ ಬ್ರಷ್ಷನ್ನು ಸಂದಿಯೊಳಗೆ ಇಳಿಸಬೇಡಿ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಸಾಕು, ಬೀಡು ಕಬ್ಬಿಣಕ್ಕೆ ಏನೂ ಬೇಡ.

ಎಲ್ಲವನ್ನೂ ಸರಿಯಾಗಿ ಕಟ್ಟಿದವರೂ ಕೊನೆಗೆ ಎಡವುವುದು ಫೀಡ್‌ನಲ್ಲಿ, ಅಂದರೆ ಟೂಲನ್ನು ಒಳಕ್ಕೆ ಸರಿಸುವುದರಲ್ಲಿ. ಭಯದಿಂದ ಕೈ ತಡೆದರೆ ಅಂಚು ಕತ್ತರಿಸದೆ ಉಜ್ಜುತ್ತದೆ, ಉಜ್ಜಿದ ಜಾಗ ಬಿಸಿಯಾಗಿ ನಡುಕ ಶುರುವಾಗುತ್ತದೆ, 304 ಸ್ಟೇನ್‌ಲೆಸ್ ಆದರೆ ಆ ಪದರ ಗಡುಸಾಗಿ ಟೂಲನ್ನೇ ತಿನ್ನುತ್ತದೆ. ಹಿಡಿಕೆಯನ್ನು ನಿಲ್ಲಿಸದೆ, ಒಂದೇ ಸಮನೆ ತಿರುಗಿಸಿ. ಸರಿಯಾಗಿ ನಡೆಯುತ್ತಿದ್ದರೆ ಸಿಪ್ಪೆ ಗಡಿಯಾರದ ಸ್ಪ್ರಿಂಗ್‌ನಂತೆ ಸುರುಳಿ ಸುತ್ತಿಕೊಂಡು ಮೇಲೆ ಬರುತ್ತದೆ. ಪುಡಿ ಉದುರಿದರೆ ಅಥವಾ ಕಿರುಗುಟ್ಟಿದರೆ ಟೂಲನ್ನು ಹಿಂದಕ್ಕೆ ತೆಗೆದು ಕಾರಣ ಹುಡುಕಿ. ಸಂದಿ ಆಳವಾದಂತೆ ಸಿಪ್ಪೆ ಸಿಕ್ಕಿಕೊಳ್ಳುವ ಸಂಭವವಿದ್ದರೆ, ನಡುವೆ ಟೂಲನ್ನು ಹೊರತೆಗೆದು, ಅರ್ಧ ಅಗಲದಷ್ಟು ಪಕ್ಕಕ್ಕೆ ಸರಿಸಿ ಇಳಿಸಿ, ಸಂದಿಯನ್ನು ಅಗಲ ಮಾಡಿಕೊಂಡು ಮುಂದುವರಿಯಿರಿ.

ಟೂಲನ್ನು ತಲೆಕೆಳಗಾಗಿಸಿ ಕ್ರಾಸ್ ಸ್ಲೈಡಿನ ಹಿಂಭಾಗದಲ್ಲಿ ಕಟ್ಟುವ ಕ್ರಮವೂ ಇದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಅಲ್ಲಿ ಒತ್ತಡ ಹೆಚ್ಚಾದಾಗ ಟೂಲ್ ಜಾಬಿನಿಂದ ದೂರ ಸರಿಯುತ್ತದೆ, ಒಳಕ್ಕೆ ಕಚ್ಚುವುದಿಲ್ಲ. ಸಿಪ್ಪೆಯೂ ತಾನಾಗಿ ಕೆಳಗೆ ಬೀಳುತ್ತದೆ. ನಿಮ್ಮ ಕ್ರಾಸ್ ಸ್ಲೈಡಿನಲ್ಲಿ ಜಾಗವಿದ್ದರೆ ಒಂದು ಬ್ಲಾಕ್ ಮಾಡಿಕೊಳ್ಳಿ. ಟೇಲ್‌ಸ್ಟಾಕ್ ಸೆಂಟರ್ (ಚಕ್‌ನ ಎದುರು ತುದಿಯ ಆಸರೆ) ಕೊಟ್ಟ ಜಾಬನ್ನು ಮಾತ್ರ ಕೊನೆಯವರೆಗೆ ಎಂದೂ ಪಾರ್ಟಿಂಗ್ ಮಾಡಬೇಡಿ: ತುಂಡು ಓರೆಯಾಗಿ ಸಿಕ್ಕಿಕೊಂಡು ಟೂಲನ್ನು ಮುರಿದು ಹಾರುತ್ತದೆ. ಕಳಚಿ ಬೀಳುವ ತುಂಡಿಗೆ ಕೈ ಒಡ್ಡಬೇಡಿ. ಸಣ್ಣ ಲೇತ್‌ನಲ್ಲಿ ರಾಡು 30 ಮಿ.ಮೀ. ದಾಟಿದರೆ ವೈಸ್‌ಗೆ ಹಾಕಿ ಹ್ಯಾಕ್ಸಾದಿಂದ ಕತ್ತರಿಸಿ, ಮುಖವನ್ನು ಲೇತ್‌ನಲ್ಲಿ ಫೇಸಿಂಗ್ (ಸಮತಟ್ಟು) ಮಾಡಿಕೊಳ್ಳಿ. ಅದರಲ್ಲಿ ಅವಮಾನವೇನೂ ಇಲ್ಲ.

ಪ್ರಶ್ನೆ: ಸಾಣೆ ಹಿಡಿಯುವಾಗ ಎಚ್‌ಎಸ್‌ಎಸ್ ಟೂಲ್ ನೀಲಿ ಬಣ್ಣಕ್ಕೆ ತಿರುಗಿತು. ಎಸೆಯಬೇಕೇ?

ಉತ್ತರ: ಬೇಡ. ನೀಲಿ ಬರುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಚ್‌ಎಸ್‌ಎಸ್ 600 ಡಿಗ್ರಿಯ ಹತ್ತಿರದವರೆಗೂ ಗಡಸುತನ ಉಳಿಸಿಕೊಳ್ಳುತ್ತದೆ. ಆ ಭಯ ಕಾರ್ಬನ್ ಸ್ಟೀಲಿನ ಉಳಿಗೆ ಸಲ್ಲಬೇಕಾದದ್ದು.

ಪ್ರಶ್ನೆ: ಡ್ರಿಲ್ ಮಾಡುವಾಗ ಕೈಗವಸು ಹಾಕಿದರೆ ಸುರಕ್ಷಿತವಲ್ಲವೇ?

ಉತ್ತರ: ಅಲ್ಲ. ತಿರುಗುವ ಡ್ರಿಲ್ಲು ಕೈಗವಸನ್ನು ಬೆರಳುಗಳ ಸಮೇತ ಸುತ್ತಿಕೊಳ್ಳುತ್ತದೆ.

ಪ್ರಶ್ನೆ: ಹಳೆಯ ಎಂಜಿನ್ ಆಯಿಲನ್ನು ಕಟಿಂಗ್ ಆಯಿಲ್ ಆಗಿ ಬಳಸಬಹುದೇ?

ಉತ್ತರ: ಬಳಸಬೇಡಿ. ಅದರಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳು ಸೇರಿರುತ್ತವೆ, ನಿಮ್ಮ ಕೈ ದಿನವಿಡೀ ಅದರಲ್ಲಿ ನೆನೆಯುತ್ತದೆ. ಉಳಿಯುವ ದುಡ್ಡು ಅಷ್ಟಕ್ಕೆ ಬೆಲೆಬಾಳುವುದಿಲ್ಲ.

ಪ್ರಶ್ನೆ: ಅಲ್ಯೂಮಿನಿಯಂ ಬ್ಲಾಕಿನಲ್ಲಿ ಎಂ6 ಟ್ಯಾಪ್ (ರಂಧ್ರದೊಳಗೆ ಸ್ಕ್ರೂ ಮರೆ ಕೊರೆಯುವ ಟೂಲ್) ಮುರಿದು ಕೂತಿದೆ. ನೈಟ್ರಿಕ್ ಆಸಿಡ್ ಸುರಿಯಿರಿ ಎಂದು ವಿಡಿಯೋ ಒಂದರಲ್ಲಿ ನೋಡಿದೆ.

ಉತ್ತರ: ಮನೆಯಲ್ಲಿ ನೈಟ್ರಿಕ್ ಆಸಿಡ್ ಸುರಿಯಲು ಹೇಳುವವರು, ಅದರಿಂದೇಳುವ ಹೊಗೆ ಶ್ವಾಸಕೋಶವನ್ನು ಸುಡುತ್ತದೆಂಬುದನ್ನು ಏಕೆ ಹೇಳುವುದಿಲ್ಲ? ಗ್ರಂಥಿಗೆ ಅಂಗಡಿಯ ಪಟಿಕವನ್ನು ಬಿಸಿನೀರಿನಲ್ಲಿ ಕರಗುವಷ್ಟು ಕರಗಿಸಿ, ಬ್ಲಾಕನ್ನು ಗಾಜಿನ ಪಾತ್ರೆಯಲ್ಲಿ ಮುಳುಗಿಸಿ, ಗಾಳಿಯಾಡುವ ಜಾಗದಲ್ಲಿ ಬೆಚ್ಚಗಿಡಿ. ಟ್ಯಾಪಿನ ಸ್ಟೀಲ್ ನಿಧಾನವಾಗಿ ಕರಗಿ ಕಪ್ಪು ಕೆಸರಾಗುತ್ತದೆ, ಅಲ್ಯೂಮಿನಿಯಂ ಉಳಿಯುತ್ತದೆ, ತಾಳ್ಮೆ ಬೇಕು. ಮುಂದಿನ ಸಲ 5 ಮಿ.ಮೀ. ಡ್ರಿಲ್ಲಿನಿಂದಲೇ ರಂಧ್ರ ಹಾಕಿ. ಜಾಬ್ ಸ್ಟೀಲಿನದಾದರೆ ಪಟಿಕ ಅದನ್ನೂ ತಿನ್ನುವುದರಿಂದ ಈ ದಾರಿ ನಡೆಯದು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಕೆಲಸ) ಮಾಡುವವರ ಬಳಿಗೆ ಒಯ್ಯಿರಿ.